ಅಳುವಾಗ ಕೆಂಪು, ಸುಮ್ಮನಾದರೆ ನೀಲಿ

ಮೊದಲು ಒಂದು ಮಾತು. ಹೋದ ಸಲ ನಾನು ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ, ‘ಫಕೀರಸಾಬನಿಗೆ ವಯಸ್ಸಾಯಿತು, ಅರ್ಧ ನೆನಪು, ಅರ್ಧ ಕಟ್ಟುಕಥೆ’ ಅಂತ ನಿಮ್ಮ ಹೆಣ್ಣುಮಕ್ಕಳ ಸಂಘದಲ್ಲಿ ಯಾರೋ ನಕ್ಕರಂತೆ. ನಗುವವರು ನಕ್ಕು ಮುಗಿಸಿ, ಕಾಯುತ್ತೇನೆ. ಮುಗಿಯಿತೇ? ಕನ್ನಡಕ ಎಲ್ಲಿಟ್ಟೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ, ಒಪ್ಪಿದೆ. ಆದರೆ ದಾವಣಗೆರೆ ಕಡೆಯ ನಮ್ಮ ಅರಸೀಕೆರೆಯಲ್ಲಿ ಯಾರ ಮನೆಯ ಸೀಮೆಎಣ್ಣೆ ಸ್ಟೋ ಯಾವ ಸದ್ದು ಮಾಡುತ್ತಿತ್ತು ಅಂತ ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಸ್ಟೋ ರಿಪೇರಿ ಮಾಡಿ ಹೊಟ್ಟೆ ಹೊರೆದವನು ನಾನು. ಸದ್ದು ಕೇಳಿದರೆ ಸಾಕು, ಗಾಳಿ ಎಲ್ಲಿ ಕಟ್ಟಿದೆ ಅಂತ ತಿಳಿಯುತ್ತಿತ್ತು. ಈಗ ಹೇಳುವುದೂ ಸದ್ದಿನ ಕಥೆಯೇ. ಸದ್ದು ನಿಂತಾಗ ಎಷ್ಟು ಹೆದರಿಕೆಯಾಗುತ್ತದೆ ಅನ್ನುವ ಕಥೆ. ಬಸುರಿಯರು ಕೇಳಿ, ಬಾಣಂತಿಯರು ಕೇಳಿ. ಅವರ ತಾಯಂದಿರು, ಅತ್ತೆಯಂದಿರು, ನೀವಂತೂ ಅಡುಗೆಮನೆಗೆ ಎದ್ದು ಹೋಗದೆ ಕೇಳಿ.

ಎಂಬತ್ತನೇ ಇಸವಿ. ಮುಂಗಾರು ಶುರುವಾಗಿತ್ತು, ಜನ ಶೇಂಗಾ ಬಿತ್ತುವುದಕ್ಕೆ ಹೊಲ ಹಸನು ಮಾಡುತ್ತಿದ್ದರು. ನನ್ನ ಅಂಗಡಿಯ ಎದುರಿಗೇ ಗಾದೆಮ್ಮನ ಮನೆ. ಗಂಡ ಇಲ್ಲದ ಹೆಣ್ಣುಮಗಳು, ಎಮ್ಮೆ ಹಾಲು ಮಾರಿ ಬದುಕಿದಾಕೆ. ಬಾಯಿ ಜೋರು, ಕರುಳು ಮೆತ್ತಗೆ. ಒಬ್ಬಳೇ ಮಗಳು ನಾಗಲಿಂಗಮ್ಮ. ಹಲವಾಗಲು ಅನ್ನುವ ಊರಿಗೆ ಕೊಟ್ಟಿದ್ದಳು. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬಂದಿದ್ದಳು.

ಬೆಳಿಗ್ಗೆ ನಾನು ಅಂಗಡಿ ತೆಗೆಯುವ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣು. ಹೆರಿಗೆ ಮಾಡಿಸಿದ ಸೂಲಗಿತ್ತಿ ದ್ಯಾಮಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಏ ಫಕೀರಣ್ಣ, ಕೇಳಿದೇನು ದನಿ? ನಿನ್ನ ಸ್ಟೋಗಿಂತ ಜೋರೈತಿ!"

"ಐತಿ ಬಿಡವ್ವ. ಅಜ್ಜಿ ಗಂಟಲಾ ಬಂದೈತಿ," ಅಂದೆ.

ಗಾದೆಮ್ಮ ಒಳಗಿನಿಂದಲೇ ನನ್ನನ್ನು ಬೈದಳು. ಬೀದಿಯೆಲ್ಲ ನಕ್ಕಿತು. ಆ ಮನೆಯಲ್ಲಿ ಆಮೇಲೆ ಬಹಳ ದಿನ ಯಾರೂ ನಗಲಿಲ್ಲ.

ಮಧ್ಯಾಹ್ನ ನನ್ನ ಹೆಂಡತಿ ಜೋಹರಾಬಿ ಬಾಣಂತಿಗೆ ಶುಂಠಿ, ಬೆಲ್ಲ ಕೊಡಲು ಹೋದಳು. ಹೋದವಳು ತಿರುಗಿ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಏನ್ರೀ, ಆ ಕೂಸು ಮೊಲಿಗೆ ಬಾಯಿ ಹಚ್ಚಿದ್ರ ನೀಲಿ ಆಗ್ತೈತಿ. ತುಟಿ ನೇರಳೆಹಣ್ಣು ತಿಂದಂಗ ಆಗಿದ್ವು."

"ಆಮ್ಯಾಲ?"

"ಮೊಲಿ ಬಿಟ್ಟು ಚೀರ್ತೈತಿ. ಚೀರಿದ ಕೂಡ್ಲೇ ಕೆಂಪಗಾಗ್ತೈತಿ. ಸುಮ್ನಾತು ಅನ್ನೋದ್ರಾಗ ಮತ್ತ ನೀಲಿ. ಯಾ ಅಲ್ಲಾ, ನನಗ ನೋಡಾಕ ಆಗ್ಲಿಲ್ರಿ."

ನಮ್ಮ ಜನ ಇಲ್ಲೇ ತಪ್ಪಿದ್ದು. ಕೂಸು ಅತ್ತರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಒಬ್ಬಳು ತಟ್ಟುತ್ತಾಳೆ, ಒಬ್ಬಳು ತೂಗುತ್ತಾಳೆ, ಇನ್ನೊಬ್ಬಳು ಬೆರಳಿಗೆ ಜೇನು ಹಚ್ಚಿ ಬಾಯಿಗೆ ಇಡುತ್ತಾಳೆ. ಅಳು ನಿಲ್ಲಿಸಿದವಳೇ ಜಾಣೆ. ಆ ಮನೆಯಲ್ಲೂ ಎಲ್ಲರೂ ಸೇರಿ ಕೂಸನ್ನು ಸುಮ್ಮನಾಗಿಸಿದರು, ಸುಮ್ಮನಾದ ಕೂಸು ನೀಲಿಯಾಯಿತು. ನೀಲಿಯಾಯಿತು ಅಂತ ಎಲ್ಲರೂ ಚೀರಿದರು, ಆ ಗದ್ದಲಕ್ಕೆ ಕೂಸು ಬೆಚ್ಚಿ ಅತ್ತಿತು, ಮತ್ತೆ ಕೆಂಪಾಯಿತು. ಮತ್ತೆ ಸುಮ್ಮನಾಗಿಸಿದರು! ಪ್ರೀತಿಯಿಂದಲೇ ಆ ಕೂಸಿನ ಉಸಿರು ಕಟ್ಟುತ್ತಿದ್ದರು, ತಿಳಿಯದೆ.

ದ್ಯಾಮಕ್ಕ ತನಗೆ ಗೊತ್ತಿದ್ದುದನ್ನು ಮಾಡಿದಳು. ಎಳೆಗೂಸಿಗೆ ನೀರು ಹಾಕುವಾಗ ಮೂಗು ನೀಟಾಗಲಿ ಅಂತ ಎರಡು ಬೆರಳಲ್ಲಿ ಒತ್ತಿ ತಿದ್ದುವ ರೂಢಿ ನಿಮಗೆ ಗೊತ್ತಲ್ಲ, ಅದನ್ನು ಮಾಡಿದಳು. ಕಟ್ಟಿದ್ದು ಬಿಡಲಿ ಅಂತ ಎರಡೂ ಹೊಳ್ಳೆಗೆ ಹರಳೆಣ್ಣೆ ಬಿಟ್ಟಳು. ಗಾದೆಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಕೂಸು ಬಾಯಿ ತೆರೆದರೆ ಕೆಟ್ಟ ಗಾಳಿ ಹೊಗುತ್ತದೆ ಅಂತ ತಲೆಗೆ ಕುಂಚಿಗೆ ಹಾಕಿ, ಅದರ ಲಾಡಿಯನ್ನು ಗದ್ದದ ಕೆಳಗೆ ಬಿಗಿದು ಕಟ್ಟಿ, ಬಾಯಿ ಮುಚ್ಚಿಸಿದಳು. ಆ ಕೂಸಿಗೆ ಗಾಳಿ ಹೊಗುವುದಕ್ಕೆ ಇದ್ದದ್ದು ಅದೊಂದೇ ದಾರಿ. ಅದನ್ನೇ ಕಟ್ಟಿಬಿಟ್ಟಳು.

ಲಾಡಿ ಕಟ್ಟಿದ ಗಳಿಗೆಯಲ್ಲಿ ಕೂಸಿನ ಎದೆಗೂಡು ಒಳಕ್ಕೆ ಸೆಳೆದುಕೊಂಡಿತಂತೆ, ಪಕ್ಕೆಲುಬು ಎದ್ದು ಕಂಡವಂತೆ. ನಾಗಲಿಂಗಮ್ಮ ಹೆದರಿ ಲಾಡಿ ಕಿತ್ತಳು. ತಾಯಿ ಮಗಳಿಗೆ ಜಗಳವಾಯಿತು.

ಮರುದಿನ ಬೆಳಿಗ್ಗೆ ಗಾದೆಮ್ಮ ನನ್ನ ಅಂಗಡಿಗೆ ಬಂದಳು. ಕೂದಲು ಕೆದರಿತ್ತು. ಬೈಗುಳವಿಲ್ಲ, ಜೋರಿಲ್ಲ.

"ಫಕೀರಣ್ಣ, ನಿಂದು ಸಣ್ಣ ಕೆಲಸದ ಕೈ. ಸ್ಟೋದ ತೂತು ಕಟ್ಟಿದ್ರ ಪಿನ್ನು ಆಡಿಸಿ ಬಿಡಸ್ತಿ. ಕೂಸಿನ ಮೂಗಿನಾಗ ಏನೋ ಕಟ್ಟೈತಿ ಅಂತಾಳ ದ್ಯಾಮಕ್ಕ. ಸಣ್ಣ ತಂತಿಯಾಗ ಒಂದೀಟು ನೋಡಪ್ಪ."

ನನ್ನ ಕೈಯಲ್ಲಿ ಆಗ ಪಿನ್ನೇ ಇತ್ತು. ಅದನ್ನು ಕೆಳಗಿಟ್ಟೆ.

"ಅಕ್ಕಾ, ಅದು ಹಿತ್ತಾಳಿ. ಇದು ಕೂಸು! ತಂತಿ, ಕಡ್ಡಿ, ಬತ್ತಿ, ಏನರ ಮೂಗಿಗೆ ಹಾಕಿದ್ರ ನನ್ನಾಣಿ ನೋಡು. ಜೋಹರಾ, ಹೋಗಿ ನರ್ಸಮ್ಮನ್ನ ಕರಕೊಂಡು ಬಾ."

"ನರ್ಸಮ್ಮ ಯಾಕ? ಅಕಿ ಬಂದ್ರ ಮಗಳಿಗೆ ಮಕ್ಕಳಾಗದಂಗ ಆಪರೇಷನ್ ಮಾಡಸ್ರಿ ಅಂತ ಗಂಟು ಬೀಳ್ತಾಳ. ಇದು ಗಾಳಿ ಕಾಟ, ನನಗ ಗೊತ್ತೈತಿ."

"ಗಾಳಿ ಕಾಟನ ಇರ್ಲಿ. ಬಂದು ನೋಡಿದ್ರ ನಿನ್ನ ಗಂಟೇನು ಹೋಗ್ತೈತಿ?"

ನರ್ಸಮ್ಮ ಪಂಪಮ್ಮ ಊರಿನ ಸರ್ಕಾರಿ ಆಸ್ಪತ್ರೆಯಾಕೆ. ಅವಳ ಹಿಂದೆ ನಾನೂ ಗಾದೆಮ್ಮನ ಮನೆಯೊಳಗೆ ಹೋದೆ. ಬಂದವಳು ಮೊದಲು ಕೂಸನ್ನು ಮುಟ್ಟಲಿಲ್ಲ. ಗಾದೆಮ್ಮನನ್ನು ಕೇಳಿದಳು.

"ಏನೇನ್ ಕಂಡ್ರಿ, ಹಂಗಂಗ ಹೇಳ್ರಿ ದೊಡ್ಡವ್ವ."

"ಏನ್ ಹೇಳ್ಲವ್ವ? ಕಣ್ಣು ಮುಚ್ಚಿದ್ರ ಹಿಡೀತೈತಿ, ಅತ್ತರ ಬಿಡ್ತೈತಿ. ಮೊಲಿ ಕುಡೀಬೇಕಂದ್ರ ಕುತ್ತಿಗಿ ಹಿಚುಕ್ತೈತಿ. ಅಳು ಅಂದ್ರ ಅದಕ್ಕ ಹೆದರಿಕಿ, ಓಡಿ ಹೋಗ್ತೈತಿ. ಇಂಥಾ ಗಾಳಿ ನಾ ಎಲ್ಲೂ ನೋಡಿಲ್ಲ."

ಪಂಪಮ್ಮ ಕೂಸಿನ ಹತ್ತಿರ ಕೂತಳು. "ನೀವು ಹೇಳಿದ್ದು ಖರೇ ಐತಿ ದೊಡ್ಡವ್ವ. ಹಿಡಿಯೋದು ಮಾತ್ರ ಗಾಳಿ ಅಲ್ಲ. ಇದಕ್ಕ ಗಾಳಿ ಸಿಗವಲ್ದು."

ತನ್ನ ಚೀಲದಿಂದ ಹತ್ತಿ ತೆಗೆದು, ಒಂದು ಎಳೆ ಹಿಂಜಿದಳು. ಕೂಸು ಅತ್ತು ಅತ್ತು ಆಗಷ್ಟೇ ತುಟಿ ಕೂಡಿಸಿತ್ತು. ಹತ್ತಿಯನ್ನು ಒಂದು ಹೊಳ್ಳೆಯ ಮುಂದೆ ಹಿಡಿದಳು. ಎಳೆ ಅಲುಗಲಿಲ್ಲ. ಇನ್ನೊಂದು ಹೊಳ್ಳೆ. ಅಲುಗಲಿಲ್ಲ. ಅಷ್ಟರಲ್ಲಿ ತುಟಿಯ ಸುತ್ತ ನೀಲಿ ಹಬ್ಬತೊಡಗಿತು. ಪಂಪಮ್ಮ ಹೆಬ್ಬೆರಳಿನಿಂದ ಗದ್ದ ಕೆಳಗೆ ಎಳೆದು ಬಾಯಿ ತೆರೆದಳು. ಹತ್ತಿಯನ್ನು ಬಾಯಿಯ ಮುಂದೆ ಹಿಡಿದಳು. ಎಳೆ ಪುರ್ರೆಂದು ಹಾರಿ ಗಾದೆಮ್ಮನ ಮಡಿಲಿಗೆ ಬಿತ್ತು.

ಗಾದೆಮ್ಮ ಅದನ್ನೇ ನೋಡುತ್ತಾ ಕೂತಳು.

"ಹುಟ್ಟಿದ ಕೂಸು ಮೂಗಿನಾಗ ಉಸಿರಾಡ್ತೈತ್ರಿ," ಅಂದಳು ಪಂಪಮ್ಮ. "ಬಾಯಾಗ ಆಡಬೇಕು ಅಂತ ಅದಕ್ಕ ಗೊತ್ತಿರಂಗಿಲ್ಲ. ಅತ್ತಾಗ ಬಾಯಿ ತೆರೀತೈತಿ, ಗಾಳಿ ಸಿಗ್ತೈತಿ, ಕೆಂಪಗಾಗ್ತೈತಿ. ಸುಮ್ನಾದ್ರ ಬಾಯಿ ಮುಚ್ತೈತಿ. ಮೂಗು ಹಿಂದಿನ ಕಡಿ ಮುಚ್ಚಿರಬೇಕು."

"ಮುಚ್ಚೈತಿ? ಎಲ್ಲವ್ವ? ಶೇಂಗಾ ಬೀಜದಂಗ ಮೂಗು ಐತಿ ನನ್ನ ಮಮ್ಮಗಳದು. ಎರಡು ತೂತು ಕಣ್ಣಿಗೆ ಕಾಣ್ತಾವ!"

"ಮುಂದಿನ ಬಾಗಿಲು ತೆರೆದೈತಿ ದೊಡ್ಡವ್ವ. ಹಿತ್ತಲ ಬಾಗಿಲಿಗೆ ಗೋಡಿ ಐತಿ. ಹೊರಗ ನಿಂತು ನೋಡಿದ್ರ ಹೆಂಗ ಕಾಣಬೇಕು? ನನಗೂ ಅನುಮಾನ ಅಷ್ಟ. ಡಾಕ್ಟರ ನೋಡಿ ಹೇಳಬೇಕು. ಈಗ, ಈಗಿಂದೀಗ ಏಳ್ರಿ."

ಮೂಲೆಯಲ್ಲಿ ದ್ಯಾಮಕ್ಕ ಗೊಣಗಿದಳು. "ಗ್ರಹಣದಾಗ ಹೊರಗ ಬರಬ್ಯಾಡ ಅಂದ್ರೂ ಬಂದಿದ್ಲು. ಬಸುರಿ ಹೆಂಗಸು ಸೂರ್ಯನ ನೋಡಿದ್ರ ಇನ್ನೇನಾಗ್ತೈತಿ?"

ನಾಗಲಿಂಗಮ್ಮ ಗೋಡೆಗೆ ಮುಖ ತಿರುಗಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಸಣ್ಣ, ಮೆತ್ತನೆಯ ರಬ್ಬರ್ ನಳಿಕೆಯನ್ನು ಮೂಗಿನಲ್ಲಿ ಬಿಟ್ಟು ನೋಡಿದರು. ಸ್ವಲ್ಪ ಒಳಗೆ ಹೋಗಿ ಗೋಡೆಗೆ ತಗುಲಿದಂತೆ ನಿಂತಿತು. ಎರಡೂ ಕಡೆ ಹಾಗೆಯೇ. ಅವರ ಮುಖ ಗಂಭೀರವಾಯಿತು.

"ನೋಡಮ್ಮ, ಇದು ಹುಟ್ಟಿನಿಂದ ಬಂದದ್ದು. ದಾವಣಗೆರೆಗೆ ಹೋಗಲೇಬೇಕು. ಅಲ್ಲಿ ಮೂಗಿನ ಡಾಕ್ಟರು ಆ ಗೋಡೆ ತೆರೆಯುತ್ತಾರೆ. ಇವತ್ತೇ ಹೋಗಬೇಕು."

"ಗ್ರಹಣದ್ದೇನ್ರಿ ಸ್ವಾಮಿ?" ಗಾದೆಮ್ಮ ಕೇಳಿಯೇಬಿಟ್ಟಳು.

"ಗ್ರಹಣ ಬಂದಾಗ ಇವಳಿಗೆ ಎಷ್ಟು ತಿಂಗಳು?"

"ಐದು."

"ಕೂಸಿನ ಮೂಗು ಎರಡು ತಿಂಗಳೊಳಗೇ ಮೂಡಿರುತ್ತದೆ. ಈ ಗೋಡೆ ತೆರೆಯದೆ ಉಳಿದದ್ದು ಆವಾಗಲೇ. ಗ್ರಹಣ ಬಂದದ್ದು ಆಮೇಲೆ. ನಿನ್ನ ಮಗಳು ಏನೂ ತಪ್ಪು ಮಾಡಿಲ್ಲ. ಯಾರೂ ಮಾಡಿಲ್ಲ."

ಗೋಡೆಗೆ ಮುಖ ತಿರುಗಿಸಿದ್ದ ನಾಗಲಿಂಗಮ್ಮ ಆಗ ಅತ್ತಳು ನೋಡಿ, ಕೂಸಿಗಿಂತ ಜೋರಾಗಿ.

ಡಾಕ್ಟರು ಹಾಲಿನ ಬಾಟ್ಲಿಯ ರಬ್ಬರ್ ಮೊಲೆತೊಟ್ಟು ತರಿಸಿ, ಕುದಿಸಿ, ತುದಿ ಅಗಲವಾಗಿ ಕತ್ತರಿಸಿ, ಕೂಸಿನ ಬಾಯಿಗೆ ಇಟ್ಟು, ತಲೆಯ ಸುತ್ತ ಪಟ್ಟಿಯಿಂದ ಕಟ್ಟಿದರು. ಬಾಯಿ ಮುಚ್ಚಲು ಆಗದು, ಗಾಳಿ ಆ ತೂತಿನಿಂದ ಒಳಗೆ ಹೋಗುತ್ತದೆ. ಸಣ್ಣ ನಳಿಕೆಯಲ್ಲಿ ತಾಯಿಯ ಹಾಲನ್ನು ನೇರ ಹೊಟ್ಟೆಗೆ ಇಳಿಸಿದರು. ಹುಟ್ಟಿದ ಮೇಲೆ ಆ ಕೂಸು ಮೊದಲ ಸಲ ಅಳದೆ ಕೆಂಪಗೆ ಮಲಗಿತು. ಉಸಿರಾಡಿದಾಗಲೆಲ್ಲ ರಬ್ಬರಿನಿಂದ ‘ಸುಂಯ್’ ಅಂತ ಸಣ್ಣ ಸದ್ದು.

"ಈ ಸದ್ದು ಇದ್ದರೆ ಕೂಸು ಇದೆ. ಕಿವಿ ಇದರ ಮೇಲೇ ಇರಲಿ," ಅಂದರು ಡಾಕ್ಟರು.

ನಾನು ಅಂಗಡಿಗೆ ಬೀಗ ಹಾಕಿದೆ. ಆ ಮನೆಯಲ್ಲಿ ಬೇರೆ ಗಂಡಾಳು ಇರಲಿಲ್ಲ. ಹಲವಾಗಲಿಗೆ ಸುದ್ದಿ ಹೇಳಿಕಳಿಸಿ, ಮಧ್ಯಾಹ್ನದ ಬಸ್ಸು ಹತ್ತಿದೆವು. ಗಾದೆಮ್ಮನ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಹಸಿ ಬಾಣಂತಿ, ಹಿಂದಿನ ಸೀಟಿನಲ್ಲಿ ನಾನು. ಆ ರಸ್ತೆ ಆಗ ರಸ್ತೆಯಾಗಿರಲಿಲ್ಲ, ತಗ್ಗು. ಇಂಜಿನ್ನಿನ ಗದ್ದಲದಲ್ಲಿ ಆ ಸುಂಯ್ ಸದ್ದು ಕೇಳಲು ನಾನು ಮುಂದಕ್ಕೆ ಬಾಗಿ ಕೂತಿದ್ದೆ. ಕುತ್ತಿಗೆ ಹಿಡಿದುಕೊಂಡಿತು. ಆದರೂ ಹಿಂದಕ್ಕೆ ಒರಗಲು ಧೈರ್ಯವಾಗಲಿಲ್ಲ.

ಪಕ್ಕದ ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಹಿಡಿದ ಒಬ್ಬ ಮುದುಕಿ.

"ಏನ್ ಮಂದಿ ಅದೀರವ್ವ! ಎಳೀ ಕೂಸಿನ ಬಾಯಾಗ ರಬ್ಬರ್ ತುರುಕಿ, ಕಳ್ಳನ್ನ ಕಟ್ಟಿದಂಗ ಕಟ್ಟೀರಿ? ಏ ಹುಡುಗಿ, ಮೊಲಿ ಕೊಡು ಅದಕ್ಕ."

"ಡಾಕ್ಟರ ಕಟ್ಯಾರ ಬೇ. ಸುಮ್ನ ಕುಂದ್ರು," ಅಂದಳು ಗಾದೆಮ್ಮ.

"ಡಾಕ್ಟರೇನು ಹಡದಾನ?" ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಮುದುಕಿಗೆ ಹುರುಪು ಬಂತು. ಮರುಕದಿಂದಲೇ, ಕೆಟ್ಟ ಮನಸ್ಸಿನಿಂದಲ್ಲ, ಕೈ ಚಾಚಿ ಪಟ್ಟಿ ಜಗ್ಗಿದಳು. ಅದೇ ಹೊತ್ತಿಗೆ ಬಸ್ಸು ತಗ್ಗಿಗೆ ಇಳಿಯಿತು. ರಬ್ಬರ್ ಕಳಚಿ ಕೆಳಗೆ ಬಿತ್ತು.

ಸದ್ದು ನಿಂತಿತು.

ಕೂಸು ಅಳಲಿಲ್ಲ. ಹೊಟ್ಟೆ ತುಂಬಿತ್ತಲ್ಲ, ನಿದ್ದೆಯಲ್ಲಿತ್ತು. ತುಟಿ ಕೂಡಿದವು. ಎದೆ ಒಳಕ್ಕೆ ಸೆಳೆಯಿತು, ಇನ್ನೊಮ್ಮೆ ಸೆಳೆಯಿತು. ತುಟಿ ನೀಲಿಯಾಯಿತು, ಆಮೇಲೆ ಹಣೆ, ಆಮೇಲೆ ಉಗುರು. "ನಿಲ್ಸೋ ಬಸ್ಸು!" ಅಂತ ನಾನು ಕೂಗಿದೆ. ನಾಗಲಿಂಗಮ್ಮ ತನ್ನ ಬಾಯಿಗೆ ಸೆರಗು ತುರುಕಿಕೊಂಡು ಕಲ್ಲಾದಳು. ಇಷ್ಟೇ, ಮುಗಿಯಿತು ಅಂದುಕೊಂಡೆ. ಸುಳ್ಳೇಕೆ ಹೇಳಲಿ, ನಾನು ಕಣ್ಣು ಮುಚ್ಚಿದೆ.

ಹಿಂದಿನ ದಿನ ಕುಂಚಿಗೆಯ ಲಾಡಿ ಬಿಗಿದವಳು ಇದೇ ಗಾದೆಮ್ಮ. ಈಗ ಹೆಬ್ಬೆರಳನ್ನು ಗದ್ದಕ್ಕೆ ಊರಿ ಕೆಳಕ್ಕೆ ಎಳೆದಳಂತೆ. ಅಂಗಾಲಿಗೆ ಬೆರಳಿನಿಂದ ಚಟ್ಟನೆ ಹೊಡೆದಳಂತೆ.

"ಅಳು ಬೇ! ನನ್ನವ್ವ, ಅಳು! ಬಾಯಿ ತೆಗಿ, ಅಳು!"

ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಚೀರಿತು. ಬಸ್ಸಿನ ತಗಡು ನಡುಗುವಂತೆ ಚೀರಿತು. ನಾನು ಕಣ್ಣು ತೆರೆದಾಗ ಅದರ ಮುಖ ಕೆಂಪಾಗುತ್ತಿತ್ತು.

ಮುದುಕಿ ಅಳುತ್ತಾ, "ತಟ್ಟವ್ವ, ಸಮಾಧಾನ ಮಾಡು," ಅಂದಳು.

"ಯಾವಾಕಿ ಅಕಿ ಸಮಾಧಾನ ಮಾಡಾಕಿ?" ಗಾದೆಮ್ಮ ಎದ್ದು ನಿಂತು ಇಡೀ ಬಸ್ಸಿಗೆ ಕೂಗಿದಳು. "ಯಾರೂ ಮುಟ್ಟಬ್ಯಾಡ್ರಿ! ಅಳ್ಲಿ! ಇದರ ಮೂಗು ಹಿಂದ ಮುಚ್ಚೈತಿ. ಬಾಯಾಗ ಜೀವ ಐತಿ ಇದರದು. ಬಾಯಿ ಮುಚ್ಚಿದ್ರ ಹೋಗ್ತೈತಿ!"

ನರ್ಸಮ್ಮ ಹೇಳಿದ್ದನ್ನೇ ಆಕೆ ಹೇಳಿದ್ದು. ಬಸ್ಸು ನಿಂತಿತ್ತು. ಕಂಡಕ್ಟರ್ ಬಿದ್ದ ರಬ್ಬರನ್ನು ಸೀಟಿನ ಕೆಳಗೆ ಬಗ್ಗಿ ಹುಡುಕುವಷ್ಟರಲ್ಲಿ ನಾಗಲಿಂಗಮ್ಮ ತನ್ನ ಸೆರಗಿನ ಗಂಟು ಬಿಚ್ಚಿದಳು. ಡಾಕ್ಟರು ಕುದಿಸಿ ಕೊಟ್ಟಿದ್ದ ಇನ್ನೊಂದು ರಬ್ಬರ್ ಅಲ್ಲಿ ಬಟ್ಟೆಯಲ್ಲಿ ಸುತ್ತಿ ಇತ್ತು. ಕಟ್ಟಿದಳು. ಮತ್ತೆ ಸುಂಯ್ ಅಂದಿತು.

ಅಲ್ಲಿಂದ ದಾವಣಗೆರೆಯವರೆಗೆ ಆ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಬೀಡಿ ಹಚ್ಚಲಿಲ್ಲ. ಅಷ್ಟು ಜನರೂ ಒಂದು ಕೂಸಿನ ಉಸಿರು ಕೇಳುತ್ತಾ ಕೂತಿದ್ದರು. ಇಳಿಯುವಾಗ ಆ ಮುದುಕಿ ಗಾದೆಮ್ಮನ ಕಾಲು ಮುಟ್ಟಲು ಬಂದಳು. ಗಾದೆಮ್ಮ, "ಹೋಗ್ ಬೇ, ನಾನೂ ನಿನ್ನಂಗ ಇದ್ದೆ ಇವತ್ತು ಮುಂಜಾನಿ ತನಕ," ಅಂದಳು.

ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂಗಿನ ಹಿಂದೆ, ಗಂಟಲಿಗೆ ಇಳಿಯುವಲ್ಲಿ ಎಲುಬಿನ ಗೋಡೆಯೇ ಇತ್ತಂತೆ. ತೂತು ತೆರೆದು, ಮತ್ತೆ ಮುಚ್ಚದ ಹಾಗೆ ಎರಡು ಸಣ್ಣ ನಳಿಕೆ ಇಟ್ಟರು. ವಾರಗಟ್ಟಲೆ ಅಲ್ಲೇ ಇದ್ದರು. ಹಲವಾಗಲಿನಿಂದ ಅಳಿಯ ಸುಂಕಪ್ಪ ಓಡಿಬಂದ. ನಳಿಕೆಯಲ್ಲಿ ಸಿಂಬಳ ಕಟ್ಟಿದರೆ ಮತ್ತೆ ಅದೇ ನೀಲಿ, ಅದೇ ಓಟ. ಅಲ್ಲಿಯ ನರ್ಸುಗಳು ಅದನ್ನು ಸ್ವಚ್ಛ ಮಾಡುವುದನ್ನು ಗಾದೆಮ್ಮನಿಗೂ ಕಲಿಸಿದರು. ಒಂದೊಂದು ಸಲ ಕೂಸು ಕಣ್ಣು ಮುಚ್ಚಿದರೆ ಆ ಹೆಂಗಸಿಗೆ ತಡೆಯುತ್ತಿರಲಿಲ್ಲ. ಮಲಗಿದ ಕೂಸನ್ನು ಎಬ್ಬಿಸಿ ಅಳಿಸಿ ನೋಡುತ್ತಿದ್ದಳು, ಎಲ್ಲರಿಂದ ಬೈಸಿಕೊಳ್ಳುತ್ತಿದ್ದಳು.

ನಳಿಕೆ ತೆಗೆದು ಊರಿಗೆ ಬಂದ ಮೇಲೆ ತೊಟ್ಟಿಲು ಕಟ್ಟಿದರು. ಹೆಣ್ಣುಮಕ್ಕಳೆಲ್ಲ ಸೇರಿದರು. "ಗಾದೆಮ್ಮಕ್ಕ, ಜೋಗುಳ ಹಾಡು," ಅಂದಳು ನನ್ನ ಜೋಹರಾಬಿ. ಗಾದೆಮ್ಮ ತೊಟ್ಟಿಲ ಹಗ್ಗ ಹಿಡಿದು ನಿಂತಳು.

"ಮಲಗಿಬಿಟ್ರ?" ಅಂದಳು.

"ಮಲಗ್ಲಿ ಅಂತಾನ ಹಾಡೋದಲ್ಲೇನಬೇ ಯವ್ವ," ಅಂದಳು ನಾಗಲಿಂಗಮ್ಮ.

ಹಾಡಿದಳು. ಕೂಸು ಅವಳನ್ನೇ ನೋಡಿತು, ಆಕಳಿಸಿತು, ಕಣ್ಣು ಮುಚ್ಚಿತು, ಬಾಯಿಯನ್ನೂ ಮುಚ್ಚಿತು. ನಾನು ಬಾಗಿಲ ಹೊರಗೆ ನಿಂತು, ಹೆದರುತ್ತಲೇ ಇಣುಕುತ್ತಾ, ಕಿವಿಯನ್ನು ಒಳಗೇ ಇಟ್ಟಿದ್ದೆ. ಆಗ ದ್ಯಾಮಕ್ಕ ತನ್ನ ಎಲೆಅಡಿಕೆ ಚೀಲದಿಂದ ಹತ್ತಿಯ ಒಂದು ಎಳೆ ತೆಗೆದು, ಕೂಸಿನ ಮೂಗಿನ ಮುಂದೆ ಹಿಡಿದಳು.

ಎಳೆ ಅಲುಗಿತು.

"ಆಡ್ತೈತಿ ಬೇ," ಅಂದಳು ದ್ಯಾಮಕ್ಕ. "ತುಟಿ ನೋಡು, ಕೆಂಪಗದಾವ. ನೀ ಹಾಡು ನಿಲ್ಲಸಬ್ಯಾಡ."

ಅಲ್ಲಿಂದ ಮುಂದೆ ಆ ದ್ಯಾಮಕ್ಕ ಯಾವ ಕೂಸಿನ ಮೂಗನ್ನೂ ಒತ್ತಲಿಲ್ಲ, ಎಣ್ಣೆ ಬಿಡಲಿಲ್ಲ. ಯಾವ ಮನೆಗೆ ಹೋದರೂ ಹತ್ತಿ ಒಯ್ಯುತ್ತಿದ್ದಳು, ಅನುಮಾನ ಬಂದರೆ ಪಂಪಮ್ಮನನ್ನು ಕರೆಸುತ್ತಿದ್ದಳು.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಹುಟ್ಟಿದ ಕೂಸು ಅಳುವಾಗ ಕೆಂಪಗಿದ್ದು, ಸುಮ್ಮನಾದಾಗ ನೀಲಿಯಾಗುತ್ತಿದ್ದರೆ, ಕುಡಿಯುವಾಗ ಉಸಿರು ಕಟ್ಟಿ ಮೊಲೆ ಬಿಟ್ಟುಬಿಡುತ್ತಿದ್ದರೆ, ಅದು ಗಾಳಿಯೂ ಅಲ್ಲ, ಗ್ರಹಣವೂ ಅಲ್ಲ. ಮೂಗು ಹೊರಗೆ ಎಷ್ಟೇ ಚೆಂದ ಇರಲಿ, ಒಳಗೆ ಮುಚ್ಚಿರಬಹುದು. ಎಣ್ಣೆ ಬಿಡಬೇಡಿ, ಕಡ್ಡಿ ಬತ್ತಿ ಹಾಕಬೇಡಿ, ಮೂಗು ಒತ್ತಬೇಡಿ, ಗದ್ದದ ಕೆಳಗೆ ಲಾಡಿ ಬಿಗಿಯಬೇಡಿ. ನಾನು ಹೇಳಿದ ರಬ್ಬರ್ ಕೆಲಸವನ್ನೂ ಮನೆಯಲ್ಲಿ ಮಾಡಲು ಹೋಗಬೇಡಿ, ಅದು ಡಾಕ್ಟರ ಕೆಲಸ. ನೀವು ಮಾಡಬೇಕಾದದ್ದು ಕೂಸಿನ ಬಾಯಿ ತೆರೆದಿರುವಂತೆ ನೋಡಿಕೊಂಡು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡುವುದು. ಈಗ ನಿಮಗೆ ತಗ್ಗಿನ ಬಸ್ಸಿಲ್ಲ, 108 ಆಂಬುಲೆನ್ಸ್ ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಆಗ ಈ ಓಟವೇ ಬೇಡ. ಒಂದೇ ಹೊಳ್ಳೆ ಮುಚ್ಚಿದ್ದರೆ ಬೇಗ ಗೊತ್ತಾಗುವುದಿಲ್ಲ. ಮಗುವಿಗೆ ಒಂದೇ ಕಡೆ ಸದಾ ಸಿಂಬಳ ಸುರಿಯುತ್ತಿದ್ದರೆ ಅದನ್ನೂ ತೋರಿಸಿ. ಮತ್ತೆ, ಹಡೆದವಳನ್ನು ಬೈಯಬೇಡಿ. ಅವಳು ಗೋಡೆಗೆ ಮುಖ ಮಾಡಿ ಕೂರುವಂತೆ ಮಾಡಬೇಡಿ.

ಇವತ್ತಿಗೂ ನನಗೆ ಕೂಸು ಅತ್ತರೆ ಹೆದರಿಕೆಯಿಲ್ಲ. ಸುಮ್ಮನಾದಾಗ ಮಾತ್ರ ಒಮ್ಮೆ ಎದ್ದು ಹೋಗಿ ತುಟಿ ನೋಡಿ ಬರುತ್ತೇನೆ. ನೀವೂ ನೋಡಿ. ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇಡ, ನನ್ನನ್ನು ಬಿಟ್ಟುಬಿಡಿ. ಅಳುವಾಗ ಕೆಂಪು, ಸುಮ್ಮನಾದರೆ ನೀಲಿ, ಇಷ್ಟು ಮಾತ್ರ ಇಟ್ಟುಕೊಳ್ಳಿ. ನಿಮ್ಮ ಬೀದಿಯಲ್ಲಿ ಒಬ್ಬ ಬಸುರಿ ಇದ್ದೇ ಇರುತ್ತಾಳೆ. ಇದನ್ನು ಇವತ್ತೇ ಅವಳ ಕಿವಿಗೂ, ಅವಳ ಅವ್ವನ ಕಿವಿಗೂ ಹಾಕಿ ಬನ್ನಿ.